ಬಳೆ ಆಡಿಸಿ, ಕೇಳೋಣ

ಗರ್ಭಿಣಿಯ ಹೊಟ್ಟೆಯ ಮೇಲೆ ಕೈಯಿಡದೆ ಅವಳ ವಿಷಯದಲ್ಲಿ ಬಾಯಿ ತೆರೆಯಬಾರದು ಎಂದು ನನ್ನ ಗುರುಗಳು ಕಲಿಸಿದ್ದರು. ನಿವೃತ್ತನಾಗುವ ತನಕ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ ಎಂದು ಬರೆಯಲು ನನಗೂ ಆಸೆಯಿದೆ. ಆದರೆ ಹಂದಿಜ್ವರ ಬಂದ ವರ್ಷ, ಡೊಂಬಿವಲಿಯ ಒಂದು ಟ್ರಸ್ಟಿನ ಹೆರಿಗೆ ಆಸ್ಪತ್ರೆಯಲ್ಲಿ, ಹಳೆಯ ಗಾದಿ ದಿಂಬುಗಳನ್ನು ಪೇರಿಸಿಟ್ಟ ಕೋಣೆಯೊಳಗೆ ಕುಳಿತು, ಒಂದು ಕಂಪ್ಯೂಟರಿನ ಮುಂದೆ ನಾನು ಬಾಯಿ ತೆರೆದೆ. ತೆರೆದ ಬಾಯಿ ಮಾಸ್ಕಿನ ಒಳಗಿದ್ದುದರಿಂದ ಮೊದಲಿಗೆ ಯಾರಿಗೂ ಏನೂ ಕೇಳಿಸಲಿಲ್ಲ. ಗುರುಗಳ ಆತ್ಮಕ್ಕೆ ಅಷ್ಟರ ಮಟ್ಟಿಗೆ ಶಾಂತಿ.

ಈಗ ಈ ವೃತ್ತಿಗೆ ಕಾಲಿಡುವ ಹುಡುಗ ಹುಡುಗಿಯರು ಅಂಗೈಯಗಲದ ಫೋನಿನಲ್ಲಿ ರೋಗಿಯ ನಾಲಿಗೆ ನೋಡಿ ಮದ್ದು ಬರೆಯುತ್ತಾರೆ. ಒಳ್ಳೆಯದೇ. ಅವರ ತಿಳಿವಳಿಕೆಗಾಗಿ, ಆ ವಿದ್ಯೆ ನಮ್ಮ ಕೈಯಲ್ಲಿ ಹೇಗೆ ಅಂಬೆಗಾಲಿಟ್ಟಿತು ಎಂಬುದನ್ನು ಬರೆದಿಡುತ್ತಿದ್ದೇನೆ. ನಾನು ಕಿರಿಯ ವೈದ್ಯನಿಂದ ಹಿರಿಯ ವೈದ್ಯನಾದ ಕಥೆ ಇಲ್ಲಿಲ್ಲ. ಹಿರಿಯರು ನಿವೃತ್ತರಾದರು, ನಾನಾದೆ, ಅಷ್ಟೇ.

ನಮ್ಮ ಟ್ರಸ್ಟಿನ ಚೇರ್ಮನ್ನರು ಭಿವಂಡಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡಿದ್ದ ಮರಾಠಿ ಗೃಹಸ್ಥರು. ಹೆರಿಗೆಯ ಬಗ್ಗೆ ಅವರಿಗಿದ್ದ ಅನುಭವವೆಂದರೆ ತಾವೇ ಒಮ್ಮೆ ಹುಟ್ಟಿದ್ದು. ಆ ಒಂದು ಅನುಭವದ ಬಲದ ಮೇಲೆ ಅವರು ಇಡೀ ಆಸ್ಪತ್ರೆಯನ್ನು ನಡೆಸುತ್ತಿದ್ದರು. ಹಂದಿಜ್ವರದ ಸುದ್ದಿ ಎದ್ದಕೂಡಲೇ ಔಷಧದ ಅಂಗಡಿಗಳಲ್ಲಿ ಮಾಸ್ಕುಗಳು ಮಾಯವಾದವು. ಚೇರ್ಮನ್ನರು ಎದೆಗುಂದಲಿಲ್ಲ. ತಮ್ಮ ಮಗ್ಗಗಳಿಂದ ಒಂದು ಬೇಲು ಬಟ್ಟೆ ಕಳಿಸಿ, ಹೊಲಿಸಿ, ಸಿಬ್ಬಂದಿಗೆಲ್ಲ ಹಂಚಿದರು. ಅದು ಪ್ಯಾಂಟಿನ ಜೇಬಿಗೆಂದು ನೇಯ್ದ ಬಟ್ಟೆ. ಹೀಗೆ ನಮ್ಮ ದಾದಿಯರೆಲ್ಲ ಆ ಮಳೆಗಾಲ ಪೂರ್ತಿ ಬಾಯಿಗೊಂದು ಜೇಬು ಕಟ್ಟಿಕೊಂಡು ಓಡಾಡಿದರು. ಒಳಗೆ ಗಾಳಿ ಹೋಗುತ್ತಿರಲಿಲ್ಲ, ಹೊರಗೆ ಮಾತು ಬರುತ್ತಿರಲಿಲ್ಲ. ಆಸ್ಪತ್ರೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಮೊದಲಾಗಲಿ ಆಮೇಲಾಗಲಿ ಕಾಣೆ.

ಆ ಜ್ವರ ಬಸುರಿಯರನ್ನು ಹೆಚ್ಚು ಕಾಡುತ್ತಿತ್ತು. ಆದರೆ ಬಸುರಿಯರು ಒಬ್ಬರೇ ಆಸ್ಪತ್ರೆಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ, ಅಮ್ಮ, ನಾದಿನಿ, ಚೀಲ ಹಿಡಿಯಲೊಬ್ಬರು, ಚೀಲ ಹಿಡಿದವರಿಗೆ ದಾರಿ ತೋರಿಸಲೊಬ್ಬರು. ಲೋಕಲ್ ಟ್ರೇನಿನಲ್ಲಿ ಒತ್ತಿಕೊಂಡು ಬಂದು ನಮ್ಮ ಕಾಯುವ ಕೋಣೆಯಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಒಂದು ಬೆಳಿಗ್ಗೆ, ಅತ್ತಿಗೆಯನ್ನು ಬಿಡಲು ಬಂದ ಗಂಡಸೊಬ್ಬ ಸೀನಿದ. ಒಂದೇ ಸೀನು. ತುಂಬಿದ ಬಸುರಿಯರು ಮೆಟ್ಟಿಲಿಳಿದು ರಸ್ತೆ ದಾಟಿ ಎದುರಿನ ಬೇಕರಿಯ ಮುಂದೆ ನಿಂತ ವೇಗ ನೋಡಿ, ಇವರಿಗೆಲ್ಲ ನಾನು ವಿಶ್ರಾಂತಿ ಬರೆದುಕೊಟ್ಟಿದ್ದು ಸರಿಯೇ ಎಂದು ನನಗೇ ಅನುಮಾನ ಬಂತು.

ಆ ದೃಶ್ಯವನ್ನು ಚೇರ್ಮನ್ನರು ಕಣ್ಣಾರೆ ಕಂಡರು. ಮರುದಿನವೇ ಗಾದಿಗಳ ಕೋಣೆಗೆ ಕಂಪ್ಯೂಟರು, ಅದರ ತಲೆಯ ಮೇಲೆ ಗೋಲಿಯಷ್ಟು ದೊಡ್ಡ ಕ್ಯಾಮೆರಾ ಬಂದವು.

“ಡಾಕ್ಟರ್‌ಸಾಹೇಬ, ಜಗ ಕುಠೇ ಗೇಲಂ, ಆಪಣ ಕುಠೇ ಆಹೋತ!” ಎಂದರು. ಜಗತ್ತು ಎಲ್ಲಿಗೋ ಹೋಗಿದೆ, ನಾವು ಎಲ್ಲಿದ್ದೇವೆ ನೋಡಿ ಎಂದರ್ಥ. ನಾವು ಗಾದಿಗಳ ಕೋಣೆಯಲ್ಲಿದ್ದೆವು.

ನನ್ನ ಜೊತೆಗಿದ್ದವರು ಹೆಡ್ ಸಿಸ್ಟರ್ ಲೀಲಾ. ಉಡುಪಿ ಕಡೆಯವರು. ದೇವರೊಂದಿಗೆ ತುಳು, ನನ್ನೊಂದಿಗೆ ಕನ್ನಡ, ರೋಗಿಗಳೊಂದಿಗೆ ಮರಾಠಿ, ರಿಕ್ಷಾದವರೊಂದಿಗೆ ಹಿಂದಿ. ನಾಲ್ಕರಲ್ಲೂ ಜೋರು ಮಾಡುವುದು ಮಾತ್ರ ಒಂದೇ ಸಮ. ಕಂಪ್ಯೂಟರಿನ ಎದುರು ನಾನು ಮೊದಲ ಸಲ ಕುಳಿತು, ತೆರೆಯ ಮೇಲೆ ಮುಖ ಕಂಡ ತಕ್ಷಣ ಎದ್ದು ನಮಸ್ಕಾರ ಮಾಡಿದೆ.

“ಸರ್, ಅದು ನೀವೇ,” ಎಂದರು ಲೀಲಾ ಸಿಸ್ಟರ್. “ಅವರು ಇನ್ನೂ ಬರ್ಲಿಲ್ಲ. ಮತ್ತೆ ಆ ಜೇಬು ಒಂದು ತೆಗೀರಿ ಮಾರಾಯ್ರೇ. ಕಂಪ್ಯೂಟರಿಗೆ ಜ್ವರ ಬರುದಿಲ್ಲ.”

ಕ್ಯಾಮೆರಾದಲ್ಲಿ ಮೊದಮೊದಲು ಬಂದವರಲ್ಲಿ ಸುಮತಿ ಒಬ್ಬಳು. ಈ ಬರಹ ಮುಖ್ಯವಾಗಿ ಅವಳದು. ಕೋಪರಖೈರಣೆಯ ಸ್ಟೇಷನ್ನಿನ ಹತ್ತಿರ ಅವಳ ಗಂಡ ದಿನೇಶನದೊಂದು ಚಿಕ್ಕ ಹೋಟೆಲು. ಅವರೂ ಉಡುಪಿ ಕಡೆಯ ಜನ. ಎರಡು ವರ್ಷ ಹಿಂದೆ ಸುಮತಿ ಮೊದಲ ಸಲ ಬಸುರಿಯಾದಾಗ ರಕ್ತದೊತ್ತಡ ಏರಿ, ಮನೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಸೇರಿಸಿ, ಬಯಕೆಯ ಶಾಸ್ತ್ರ ಮಾಡುವ ಮೊದಲೇ ಮಗು ಹೋಗಿತ್ತು. ಒತ್ತಡ ಏರಿದ್ದಕ್ಕೆ ಆಸ್ಪತ್ರೆಗೆ ಸೇರಿಸಿದ್ದು, ಸೇರಿಸುವಷ್ಟರಲ್ಲಿ ತಡವಾಗಿದ್ದು. ಅವಳ ಅತ್ತೆ ಗಿರಿಜಕ್ಕನ ಲೆಕ್ಕ ಬೇರೆ: ಆಸ್ಪತ್ರೆಗೆ ಸೇರಿಸಿದ್ದಕ್ಕೇ ಹೋಯಿತು. ಈ ಸಲ ನಮ್ಮಲ್ಲಿಗೆ ಬಂದದ್ದೂ ವೈದ್ಯಶಾಸ್ತ್ರವನ್ನು ನಂಬಿ ಅಲ್ಲ, ತಮ್ಮ ಕಡೆಯ ಲೀಲಕ್ಕ ಇದ್ದಾರೆಂದು. ಈ ಮಗುವನ್ನು ಉಳಿಸಿಕೊಳ್ಳಬೇಕು ಎಂಬಲ್ಲಿ ಸುಮತಿ, ಗಿರಿಜಕ್ಕ, ನಾನು ಮೂವರೂ ಒಂದೇ. ಹೇಗೆ ಎಂಬಲ್ಲಿ ಗಿರಿಜಕ್ಕ ಒಂದು ಪಕ್ಷ, ನಾನು ಒಂದು ಪಕ್ಷ. ಸುಮತಿಯನ್ನು ಯಾರೂ ಕೇಳುತ್ತಿರಲಿಲ್ಲ.

ಮಸ್ಕತ್ತಿನಲ್ಲಿದ್ದ ಕಿರಿಮಗನ ಮುಖ ನೋಡಲೆಂದು ಆ ಮನೆಯಲ್ಲಿ ಕಂಪ್ಯೂಟರು, ಕ್ಯಾಮೆರಾ ಮೊದಲೇ ಇದ್ದವು. ಹಾಗಾಗಿ ವಾರಕ್ಕೊಮ್ಮೆ ಅಲ್ಲಿಂದಲೇ ಮಾತಾಡುವುದೆಂದಾಯಿತು.

“ಸುಮತಿ, ತಲೆನೋವೇನಾದರೂ ಇದೆಯಾ?” ಎಂದು ಕೇಳುತ್ತೇನೆ.

“ಎಂತದೂ ಇಲ್ಲ ಡಾಕ್ಟ್ರೇ,” ಎನ್ನುತ್ತಾರೆ ಗಿರಿಜಕ್ಕ.

“ನಾನು ಸುಮತಿಯನ್ನ ಕೇಳಿದ್ದು.”

“ಅವಳಿಗೂ ಎಂತದೂ ಇಲ್ಲ.”

ಇದು ಅವರೊಬ್ಬರ ರೀತಿಯಲ್ಲ. ಕ್ಯಾಮೆರಾದ ಎದುರು ಇಡೀ ಸಂಸಾರ ಹೆಣ್ಣು ನೋಡುವ ಶಾಸ್ತ್ರಕ್ಕೆ ಕುಳಿತಂತೆ ಕೂರುತ್ತಿತ್ತು. ಗಂಡಸರು ಇಸ್ತ್ರಿ ಶರಟು, ಅತ್ತೆಯರು ರೇಷ್ಮೆ ಸೀರೆ; ಹಿಂದೆ ಗೋಡೆಯ ಮೇಲೆ ತೀರಿಕೊಂಡ ಹಿರಿಯರ ಫೋಟೋ, ಅದಕ್ಕೂ ಹೊಸ ಹಾರ. ಕುತ್ತಿಗೆಯಲ್ಲಿ ಎಲ್ಲರಿಗೂ ಕರ್ಪೂರ ಏಲಕ್ಕಿ ಕಟ್ಟಿದ ಪುಟ್ಟ ಗಂಟು. ಅದನ್ನು ಮೂಸಿದರೆ ಹಂದಿಜ್ವರ ಹತ್ತಿರ ಸುಳಿಯುವುದಿಲ್ಲವೆಂದು ಆಗ ಊರಿಗೆ ಊರೇ ನಂಬಿತ್ತು. ಇಷ್ಟೆಲ್ಲದರ ನಡುವೆ ಕಾಣದಿದ್ದವಳು ಬಸುರಿ ಒಬ್ಬಳೇ. ಅವಳು ಟೀ ಮಾಡಲು ಹೋಗಿರುತ್ತಿದ್ದಳು.

ಬಸುರಿಯಲ್ಲಿ ಒತ್ತಡ ಏರುತ್ತಿದ್ದರೆ ಮೈ ಬಾತುಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತು. ಬಿಪಿ ಯಂತ್ರ ಆಗ ಮನೆಗಳಲ್ಲಿ ಇರುತ್ತಿರಲಿಲ್ಲ. ಅದಕ್ಕಾಗಿ ದವಾಖಾನೆಗೆ ಹೋಗೆಂದರೆ ಅಲ್ಲಿ ಕೆಮ್ಮುವವರ ಸಾಲು. ಎರಡು ವಾರಕ್ಕೊಮ್ಮೆ, ಸಾಲು ಇಲ್ಲದ ಹೊತ್ತು ನೋಡಿ ಹೋಗಿ ಬನ್ನಿ ಎನ್ನುತ್ತಿದ್ದೆ. ನಡುವಿನ ದಿನಗಳಿಗೆ ಕಾಲಿನ ಬಾವನ್ನಾದರೂ ಕ್ಯಾಮೆರಾದಲ್ಲಿ ನೋಡೋಣವೆಂದು ಹೊರಟೆ. ನನ್ನ ಆ ವೈಜ್ಞಾನಿಕ ಉತ್ಸಾಹ ವರ್ತಕ ನಗರದಲ್ಲಿ ಮುರಿದುಬಿತ್ತು. ಅಲ್ಲಿ ಬಾಗಲಕೋಟೆ ಕಡೆಯ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಸೊಸೆಗೆ ಎಂಟನೇ ತಿಂಗಳು.

“ಕಾಲು ತೋರಿಸಲಿ ಮಾಸ್ತರೇ, ಬಾವು ನೋಡಬೇಕು. ಕ್ಯಾಮೆರಾದ ಎದುರಿಗೆ ಸ್ವಲ್ಪ ಎತ್ತಿ ಹಿಡಿಯಲಿ.”

ಮಾಸ್ತರರು ಕನ್ನಡಕ ತೆಗೆದರು. “ಡಾಕ್ಟರ, ನೀವು ಹಿರ್ಯಾರು. ನಿಮ್ಮ ಮಾರಿ ಮುಂದ ನಮ್ಮ ಸೊಸಿ ಕಾಲ ಎತ್ತಿ ತೋರಸೂದಂದ್ರ ಹೆಂಗ್ರಿ? ನಮ್ಮ ಮನಿತನ ಏನಾತು?”

“ಅದು ನನ್ನ ಮುಖ ಅಲ್ಲ, ಕ್ಯಾಮೆರಾ.”

“ಅದರಾಗ ನಿಮ್ಮ ಮಾರಿನ ಕಾಣಸ್ತದಲ್ರಿ?”

ಕೊನೆಗೆ ರಾಜಿಯಾಯಿತು. ನಾನು ಕುರ್ಚಿ ತಿರುಗಿಸಿ ಗಾದಿಗಳ ಕಡೆ ಮುಖ ಮಾಡಿ ಕೂತೆ. ಲೀಲಾ ಸಿಸ್ಟರ್ ಕಾಲು ನೋಡಿದರು. ಅಷ್ಟರಲ್ಲಿ ಚೇರ್ಮನ್ನರು ಒಳಗೆ ಬಂದು, ತಾವು ತಂದುಕೊಟ್ಟ ಯಂತ್ರಕ್ಕೆ ಬೆನ್ನು ಮಾಡಿ ಗೋಡೆಯೊಂದಿಗೆ ಮಾತಾಡುತ್ತಿದ್ದ ತಮ್ಮ ಹಿರಿಯ ವೈದ್ಯನನ್ನು ಕಂಡು, ಬಂದ ಹಾಗೇ ಹಿಂದಿರುಗಿದರು.

ನಾನು ಮತ್ತೆ ತೆರೆಯ ಕಡೆ ತಿರುಗಿ ಮಾತು ಮುಗಿಸುವಾಗ ಆ ಹುಡುಗಿ ನಮಸ್ಕಾರವೆಂದು ಎರಡೂ ಕೈ ಎತ್ತಿದಳು. ಕುಬಸದ ಶಾಸ್ತ್ರಕ್ಕೆ ತೊಡಿಸಿದ ಹಸಿರು ಗಾಜಿನ ಬಳೆಗಳು ಗಲಗಲ ಎನ್ನುತ್ತ ಮೊಣಕೈ ತನಕ ಜಾರಿದವು. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಬಳೆ ಸಲೀಸಾಗಿ ಜಾರುತ್ತದೆ ಎಂದರೆ ಕೈಗೆ ಬಾವು ಬಂದಿಲ್ಲ! ಏಳನೇ ತಿಂಗಳಲ್ಲಿ ತೊಡಿಸಿದ ಬಳೆಗಳನ್ನು ಹೆರಿಗೆಯಾಗುವ ತನಕ ತೆಗೆಯುವಂತಿಲ್ಲ. ಕುಬಸವೆನ್ನಲಿ, ಬಯಕೆಯೆನ್ನಲಿ, ನಮ್ಮ ಮರಾಠಿ ನೆರೆಯವರು ಅವರ ಹೆಸರಿನಲ್ಲಿ ಕರೆಯಲಿ, ಹಸಿರು ಬಳೆ ಎಲ್ಲರಲ್ಲೂ ಉಂಟು. ಅಂದರೆ ನಮ್ಮ ಹೆಂಗಸರು ಒಂದು ಅಳತೆಪಟ್ಟಿಯನ್ನು ಮೈಮೇಲೆಯೇ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಹಿಂದಿನ ವಿಜ್ಞಾನಿಗಳು ಇಂಥ ಗಳಿಗೆಯಲ್ಲಿ ಬೀದಿಗೆ ಓಡಿದ್ದುಂಟಂತೆ. ನನಗೆ ಮಂಡಿನೋವು, ಕೂತಲ್ಲೇ ಮೇಜು ಕುಟ್ಟಿದೆ.

ಅಂದಿನಿಂದ ನಮ್ಮ ಪರೀಕ್ಷೆಯ ಮೊದಲ ವಾಕ್ಯ, “ಎರಡೂ ಕೈ ಮೇಲೆತ್ತಿ, ಬಳೆ ಆಡಿಸಿ, ಕೇಳೋಣ.” ಸದ್ದು ಗಲಗಲ ಬಂದರೆ ಮುಂದಿನ ಪ್ರಶ್ನೆ. ಬರದಿದ್ದರೆ ಎದ್ದ ಕೂಡಲೇ ಬಿಪಿ ನೋಡಿಸಲು ಹೊರಡುವುದು. ಇದು ಯಾವ ಪುಸ್ತಕದಲ್ಲೂ ಇಲ್ಲ; ಪರೀಕ್ಷೆಯಲ್ಲಿ ಬರೆದರೆ ಫೇಲಾಗುತ್ತೀರಿ, ಆಗಬೇಕು ಕೂಡ. ಆದರೆ ಗಾದಿಗಳ ಕೋಣೆಯಲ್ಲಿ ಕುಳಿತವನಿಗೆ ಇದ್ದ ಅನುಕೂಲವೇ ಅಷ್ಟು. ಅದೂ ಅಲ್ಲದೆ ಮಳೆ ಬಂದರೆ ಲೈನು ಕೆಡುತ್ತಿತ್ತು. ಚಿತ್ರ ಮೂಟೆ ಹೊತ್ತ ಹಮಾಲನಂತೆ ಹಿಂದೆ ಉಳಿಯುತ್ತಿತ್ತು, ಸದ್ದು ಬರಿಗೈಯಲ್ಲಿ ಮುಂದೆ ಓಡಿ ಬರುತ್ತಿತ್ತು. ತೆರೆಯ ಮೇಲೆ ರೋಗಿ ಕಲ್ಲಾಗಿ ಕೂತಿದ್ದರೂ ಬಳೆಯ ಸದ್ದು ಕೇಳಿದರೆ ನಾನು ಸಮಾಧಾನಪಡುತ್ತಿದ್ದೆ.

ಪದ್ಧತಿ ಜನಪ್ರಿಯವಾಯಿತು. ಒಂದು ದಿನ ಸಾಲಾಗಿ ನಾಲ್ಕಾರು ಜನರ ಬಳೆಯ ಸದ್ದು ಕೇಳಿ ಚೇರ್ಮನ್ನರು ಬಾಗಿಲಲ್ಲಿ ನಿಂತು, “ಹೀ ತರ ಮಂಗಳಾಗೌರ ಝಾಲೀ!” ಎಂದು ಉದ್ಗರಿಸಿದರು. ತಮ್ಮ ಆಸ್ಪತ್ರೆಯಲ್ಲಿ ಮಂಗಳಗೌರಿಯ ಹಬ್ಬವೇ ನಡೆಯುತ್ತಿದೆಯೆಂದು ಅವರಿಗೆ ಸಂತೋಷ.

ಸೋಲುಗಳೂ ಇದ್ದವು. ಬೇಲಾಪುರದ ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗಿ, ಕನ್ನಡದವರ ಮಗಳೇ, ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರಿಸಿದಳು: “ಅಂಕಲ್, ಮೈ ಚೂಡಿಯಾಂ ನಹೀ ಪೆಹನ್ತೀ.” ಬಳೆ ತೊಡುವುದಿಲ್ಲವಂತೆ. ಯಾರದಾದರೂ ಕೇಳಿ ಹಾಕ್ಕೊಳಮ್ಮ ಎಂದೆ. ಮುಂದಿನ ವಾರ ಕೈತುಂಬ ಬಣ್ಣಬಣ್ಣದ್ದು ಹಾಕಿಕೊಂಡು ಕುಳಿತಳು. ಚೆನ್ನಾಗಿ ಆಡಿಸಿದಳು. ಒಂದು ಚೂರೂ ಸದ್ದಿಲ್ಲ. ಲೀಲಾ ಸಿಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡು, “ಸರ್, ಸದ್ದೇ ಇಲ್ಲ! ಆ್ಯಂಬುಲೆನ್ಸ್ ಹೇಳ್ಲಾ?” ಎಂದರು. ಕಣ್ಣು ಕಿರಿದು ಮಾಡಿ ನೋಡಿದರೆ ಅವು ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡುಗಳು.

ಸುಮತಿಗೆ ಏಳನೇ ತಿಂಗಳಲ್ಲಿ ಬಯಕೆ ಮುಗಿಯಿತು. ಯಾರನ್ನೂ ಕರೆಯದೆ, ಬಾಗಿಲು ಹಾಕಿಕೊಂಡು ಮಾಡಿದರು. ಮಸ್ಕತ್ತಿನ ಮೈದುನ ಮಾತ್ರ ಕ್ಯಾಮೆರಾದಲ್ಲಿ ಹಾಜರಿ. ಅವಳ ಎರಡೂ ಕೈಗೆ ಹಸಿರು ಬಳೆ ಬಂತು. ಕಳೆದ ಸಲ ತಲುಪಲಾಗದೇ ಹೋದ ಮೆಟ್ಟಿಲು ಅದು. ಮುಂದಿನ ವಾರ ಬಳೆ ಆಡಿಸುವಾಗ ಅವಳ ಮುಖದಲ್ಲಿ ಸಣ್ಣ ನಗು ಇತ್ತು. ಬಳೆ ಚೆನ್ನಾಗಿಯೇ ಸದ್ದು ಮಾಡಿತು. ಅದರ ಮುಂದಿನ ವಾರವೂ ಮಾಡಿತು. ದವಾಖಾನೆಯಲ್ಲಿ ಅಳೆದ ಬಿಪಿಯೂ ಸರಿಯಾಗಿತ್ತು.

ಎಂಟು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಜೋರು ಮಳೆ. ಕೋಪರಖೈರಣೆಯ ಲೈನು ಸಿಕ್ಕಿತು, ಚಿತ್ರ ಬಂದು ನಿಂತೇಬಿಟ್ಟಿತು. ಸುಮತಿ ಅರೆಗಣ್ಣಿನಲ್ಲಿ ಕುಳಿತಿದ್ದಾಳೆ, ಪಕ್ಕದಲ್ಲಿ ಗಿರಿಜಕ್ಕನ ಸೀರೆಯ ಅಂಚು ಕಾಣುತ್ತಿದೆ.

“ಬಳೆ ಆಡಿಸಮ್ಮ,” ಎಂದೆ.

ಗಲಗಲ ಗಲಗಲ. ಅಷ್ಟು ಭರ್ಜರಿಯಾದ ಸದ್ದನ್ನು ಆ ವರ್ಷ ನಾನು ಕೇಳಿರಲಿಲ್ಲ. “ಶಾಭಾಸ್!” ಎಂದೆ. ಆ ಹೊಗಳಿಕೆಗೆ ಇನ್ನಷ್ಟು ಉತ್ಸಾಹ ಬಂದು ಸದ್ದು ಮತ್ತೂ ಏರಿತು. ಅಷ್ಟರಲ್ಲಿ ನಿಂತಿದ್ದ ಚಿತ್ರ ಅಲುಗಾಡಿತು. ಸುಮತಿಯ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಚಿತ್ರ ಹಿಂದೆ ಬರುವುದು ರೂಢಿಯಲ್ಲವೇ. ಕೈ ಏಳಲಿ ಎಂದು ಕಾದೆ. ಒಂದು ಕೈ ಎದ್ದಿತು. ಹಣೆಗೆ ಹೋಯಿತು. ಹಣೆಯನ್ನು ಒತ್ತಿ ಹಿಡಿದು ಅಲ್ಲೇ ನಿಂತಿತು. ಸದ್ದು ಮಾತ್ರ ಮಂಗಳಾರತಿಯ ಹೊತ್ತಿನ ಹಾಗೆ ಮೊಳಗುತ್ತಲೇ ಇತ್ತು.

ಹಣೆ ಒತ್ತಿಕೊಂಡ ಕೈ ಬಳೆ ಕುಣಿಸುವುದಿಲ್ಲ. ಆ ಕೈಯನ್ನು ಸರಿಯಾಗಿ ನೋಡಿದೆ. ಪಾರ್ಸೆಲ್ಲಿಗೆ ಬಿಗಿದ ದಾರದಂತೆ ಹಸಿರು ಬಳೆಗಳು ಮಾಂಸದೊಳಗೆ ಇಳಿದುಹೋಗಿದ್ದವು.

“ಗಿರಿಜಕ್ಕ,” ಎಂದೆ, “ನಿಮ್ಮ ಕೈಗೆ ಬಾವು ಇಲ್ಲ ಅಂತ ಖಾತ್ರಿಯಾಯ್ತು. ತುಂಬ ಸಂತೋಷ. ಈಗ ಸುಮತಿ ಆಡಿಸಲಿ.”

ಮಂಗಳಾರತಿ ನಿಂತಿತು. ಅಂಚಿನ ಪಕ್ಕದಿಂದ ಬಳೆ ತೊಟ್ಟ ಎರಡು ಕೈಗಳು ಮೆಲ್ಲಗೆ ಕೆಳಗಿಳಿದವು. ಆಗ ಅಷ್ಟು ವಾರಗಳಲ್ಲಿ ಮೊದಲ ಸಲ ಸುಮತಿ ತಾನಾಗಿ ಮಾತಾಡಿದಳು.

“ಡಾಕ್ಟ್ರೇ, ತಲೆ ಸಿಡೀತಾ ಉಂಟು. ನಿನ್ನೆಯಿಂದ ಕಣ್ಣೆದುರು ಮಿಂಚಿದ ಹಾಗೆ ಆಗ್ತದೆ. ಅತ್ತೆ ಎಣ್ಣೆ ಹಚ್ಚಿ ತಿಕ್ಕಿದ್ರು, ಬಳೆ ಅಲ್ಲಾಡುದಿಲ್ಲ.”

ನನ್ನ ನಗೆ ಅಲ್ಲಿಗೆ ಮುಗಿಯಿತು. ಆ ಮಾತು ಕೇಳಿದ ಪ್ರಸೂತಿ ವೈದ್ಯ ಯಾವನೂ ಕುರ್ಚಿಯಲ್ಲಿ ಒರಗಿ ಕೂರುವುದಿಲ್ಲ. ಫಿಟ್ಸ್ ಬಂದರೆ ತಾಯಿ ಮಗು ಇಬ್ಬರೂ ಕೈತಪ್ಪಬಹುದು. “ಈಗಿಂದೀಗಲೇ ಹೊರಡಿ. ಹತ್ತಿರದ ಆಸ್ಪತ್ರೆ ಯಾವುದಿದೆಯೋ ಅಲ್ಲಿಗೆ,” ಎಂದೆ.

“ಅಲ್ಲಿಗಾ?” ಗಿರಿಜಕ್ಕನ ಮುಖ ತೆರೆಯ ತುಂಬ ಬಂತು. “ಹೋದ ಸಲ ಅಲ್ಲಿ ಹಾಕಿದ್ದಕ್ಕೇ ಅಲ್ವಾ ಹೋದದ್ದು? ಈಗ ಆಸ್ಪತ್ರೆಯಲ್ಲೇ ಜ್ವರ ಹಿಡಿಯುದು ಅಂತ ಟೀವಿಯಲ್ಲಿ ಹೇಳ್ತಾರೆ. ನಾನು ಕಳಿಸುದಿಲ್ಲ ಡಾಕ್ಟ್ರೇ. ಇವಳನ್ನೂ ಕಳಕೊಂಡ್ರೆ ನಾನು ಎಂತ ಮಾಡ್ಲಿ?”

ಉತ್ತರ ಹೇಳಲು ಬಾಯಿ ತೆರೆದೆ. ಡೊಂಬಿವಲಿಯ ಕರೆಂಟು ಹೋಯಿತು.

ಕತ್ತಲಾದ ತೆರೆಯಲ್ಲಿ ನನ್ನ ಮುಖವೇ ನನಗೆ ಕಂಡಿತು. ಲೀಲಾ ಸಿಸ್ಟರ್ ಆಗಲೇ ಮೊಬೈಲು ಕಿವಿಗಿಟ್ಟಿದ್ದರು. ಮೊದಲು ದಿನೇಶ ಸಿಕ್ಕ. ಹೋಟೆಲಿನಿಂದ ಮನೆಗೆ ಓಡಿಬಂದಿದ್ದ. “ಸರ್, ಅಮ್ಮ ಬಾಗಿಲಿಗೆ ಅಡ್ಡ ಕೂತಿದ್ದಾರೆ,” ಎಂದ. ಅವನಿಗೆ ಹೇಳಿ, ಅವರ ಕಟ್ಟಡದ ಕೆಳಗಿನ ದವಾಖಾನೆಯ ವೈದ್ಯರನ್ನು ಮೇಲಕ್ಕೆ ಕರೆಸಿದೆ. ಒತ್ತಡ ಎಷ್ಟಿದೆಯೆಂದು ಅವರಿಂದ ಫೋನಿನಲ್ಲೇ ತಿಳಿದುಕೊಂಡು, ದಾರಿಗೆ ಬೇಕಾದ ಮದ್ದು, ಇಂಜೆಕ್ಷನ್ ಕೊಡಿಸಿದೆ. ಆಮೇಲೆ ಲೀಲಾ ಸಿಸ್ಟರ್ ಗಿರಿಜಕ್ಕನಿಗೆ ಫೋನು ಕೊಡಿಸಿ ತುಳುವಿನಲ್ಲಿ ಮಾತಾಡಿದರು. ದೇವರಿಗೆ ಮೀಸಲಾದ ಭಾಷೆ ಮನುಷ್ಯರ ಮೇಲೆ ಪ್ರಯೋಗವಾದದ್ದನ್ನು ಆವತ್ತೇ ನಾನು ಕೇಳಿದ್ದು. ಫೋನಿಟ್ಟು, “ಹೊರಟ್ರು,” ಎಂದರು.

“ಯಾವ ಆಸ್ಪತ್ರೆಗೆ?”

“ಇಲ್ಲಿಗೇ. ಬೇರೆ ಕಡೆ ಅಂದ್ರೆ ಅವರು ಏಳುದಿಲ್ಲ ಸರ್.”

“ಅವರಿಗೆ ಏನು ಹೇಳಿದಿರಿ?”

“ಸೊಸೆಯ ಕೋಣೆ ಬಾಗಿಲಲ್ಲಿ ನಾನೇ ಸ್ಟೂಲು ಹಾಕಿ ಕೂತ್ಕೊಳ್ತೇನೆ, ಕೆಮ್ಮುವವ ಸೀನುವವ ಒಬ್ಬನೂ ಒಳಗೆ ಬರುದಿಲ್ಲ ಅಂದೆ. ಮತ್ತೆ ಸ್ವಲ್ಪ ಬೈದೆ.”

ಹೋಟೆಲಿಗೆ ತರಕಾರಿ ತರುವ ಟೆಂಪೋದಲ್ಲಿ ಹಾಸಿಗೆ ಹಾಕಿ ಸುಮತಿಯನ್ನು ಮಲಗಿಸಿಕೊಂಡು, ಕೆಳಗಿನ ದವಾಖಾನೆಯ ವೈದ್ಯರನ್ನೂ ಜೊತೆಗೆ ಕೂರಿಸಿಕೊಂಡು, ಮಹಾಪೆ ದಾಟಿ ಶಿಳ್ ಫಾಟಾದ ಗುಂಡಿಗಳ ಮೇಲೆ ಅವರು ಬಂದರು. ಮಳೆಯಲ್ಲಿ ಆ ರಸ್ತೆ ಕಂಡವರಿಗೆ ಅದು ಎಂಥ ಪ್ರಯಾಣವೆಂದು ಹೇಳಬೇಕಿಲ್ಲ. ನಾನು ಆಸ್ಪತ್ರೆಯ ಗೇಟಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಟೆಂಪೋ ನಿಂತಾಗ ಮೊದಲು ಕಂಡದ್ದು ಕರ್ಪೂರ ಏಲಕ್ಕಿಯ ಗಂಟುಗಳು. ಡ್ರೈವರನ ಕುತ್ತಿಗೆಯಲ್ಲೊಂದು, ವೈದ್ಯರ ಕುತ್ತಿಗೆಯಲ್ಲೊಂದು, ಸ್ಟೇರಿಂಗಿಗೊಂದು. ಸುಮತಿಗೆ ಎಚ್ಚರವಿತ್ತು. ಫಿಟ್ಸ್ ಬಂದಿರಲಿಲ್ಲ. ಗಿರಿಜಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಗುಂಡಿಗಳಿಗೆ ಬೈಯುತ್ತ ಬಂದಿದ್ದರು. ಬೈದು ಬೈದು ಗಂಟಲು ಕಟ್ಟಿತ್ತು.

ಮೊಣಕೈಯ ಮಡಿಕೆಯಲ್ಲಿ ನರ ಹಿಡಿದು ಮದ್ದು ಶುರುಮಾಡಿದೆ. ಇನ್ನು ಬಳೆ. ಬಾತ ಕೈಯನ್ನು ಅವು ಹಿಸುಕುತ್ತಿದ್ದವು, ತೆಗೆಯಲೇಬೇಕು. ನಾನು ಕತ್ತರಿಯಂಥ ಇಕ್ಕಳ ಎತ್ತಿಕೊಂಡದ್ದೇ ಗಿರಿಜಕ್ಕ ಅಡ್ಡ ಬಂದರು.

“ಒಡೀಬೇಡಿ ಡಾಕ್ಟ್ರೇ. ಕಾಲಿಗೆ ಬೀಳ್ತೇನೆ. ಹೆರಿಗೆಗೆ ಮುಂಚೆ ಬಯಕೆ ಬಳೆ ಒಡೀಬಾರದು. ಇದೊಂದು ಕೇಳಿ ನನ್ನ ಮಾತು.”

ಲೀಲಾ ಸಿಸ್ಟರ್ ಒಂದು ರಬ್ಬರ್ ಗ್ಲೌಸು, ಸೋಪಿನ ನೀರು ತಂದು ಅವರ ಮುಂದಿಟ್ಟರು. ಬಳೆಗಾರರು ಬಿಗಿ ಬಳೆ ತೊಡಿಸುವಾಗ ಕೈಗೆ ಪ್ಲಾಸ್ಟಿಕ್ ಕವರು ಹಾಕುತ್ತಾರಲ್ಲ, ಅದೇ ಉಪಾಯ, ಉಲ್ಟಾ. ಗಿರಿಜಕ್ಕ ಸೊಸೆಯ ಕೈಯನ್ನು ಎತ್ತಿ ಹಿಡಿದು, ಗ್ಲೌಸು ತೊಡಿಸಿ, ಸೋಪು ಸವರಿ, ಒಂದೊಂದಾಗಿ ಜಾರಿಸತೊಡಗಿದರು. ಒಂದು ಬಳೆ ಹೊರಬಂದ ಕೂಡಲೇ ಅದನ್ನು ಕಣ್ಣಿಗೊತ್ತಿಕೊಂಡು ಟ್ರೇಯಲ್ಲಿಡುವುದು, ಮತ್ತೊಂದಕ್ಕೆ ಕೈ ಹಾಕುವುದು. ಕೈಗೆ ಕೆಲಸ ಸಿಕ್ಕ ಮೇಲೆ ಅವರು ಅಳಲಿಲ್ಲ, ನನಗೂ ಅಡ್ಡ ಬರಲಿಲ್ಲ. ಸಂಜೆಯ ಹೊತ್ತಿಗೆ ಬಳೆಗಳೂ ಇಳಿದಿದ್ದವು, ಒತ್ತಡವೂ ಇಳಿಯುತ್ತಿತ್ತು.

ಕಿರಿಯ ಮಿತ್ರರೇ, ಹಠಮಾರಿ ಅತ್ತೆಯನ್ನು ವಾರ್ಡಿನಿಂದ ಹೊರಗೆ ಕಳಿಸುವ ಮುನ್ನ ಅವರಿಗೊಂದು ಕೆಲಸ ಕೊಟ್ಟು ನೋಡಿ. ಇದೂ ಪುಸ್ತಕದಲ್ಲಿಲ್ಲ.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ತೆಗೆದೆ. ಹೆಣ್ಣು. ಹಿಡಿಯಷ್ಟಿತ್ತು. ಅದು ಕೂಗಿದ ಕೂಗು ಭಿವಂಡಿಯ ಮಗ್ಗಗಳಿಗೂ ಕೇಳಿಸಿರಬೇಕು. ಹಾಗೆ ಕೇಳಿಸಿಯೇ ಬಂದರೆಂಬಂತೆ ಚೇರ್ಮನ್ನರು ಹೂಗುಚ್ಛ ಹಿಡಿದು ಬಂದರು. ಬಾಗಿಲಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಲೀಲಾ ಸಿಸ್ಟರ್. ಚೇರ್ಮನ್ನರಿಗೆ ಹತ್ತಿಯ ಧೂಳಿನಿಂದ ಬಂದ ಹಳೆಯ ಸೀನಿನ ರೋಗ. ಅಲ್ಲಿಯೇ ಒಂದು ಸೀನು ಬಂತು.

“ಸಾಹೇಬ, ಆತ ಜಾಯಚಂ ನಾಹೀ,” ಎಂದರು ಲೀಲಾ ಸಿಸ್ಟರ್. ಒಳಗೆ ಹೋಗುವ ಹಾಗಿಲ್ಲ.

“ಅಗಂ, ಮೀ ಚೇರ್ಮನ್ ಆಹೇ!”

“ಚೇರ್ಮನ್‌ಚೀ ಶಿಂಕ ಪಣ ಶಿಂಕಚ ಅಸತೇ.” ಚೇರ್ಮನ್ನರ ಸೀನೂ ಸೀನೇ.

ಹೂಗುಚ್ಛ ಸ್ಟೂಲಿನ ಬಳಿಯೇ ಉಳಿಯಿತು. ಕೋಣೆಯೊಳಗಿಂದ ಇದನ್ನು ನೋಡಿದ ಗಿರಿಜಕ್ಕನಿಗೆ ಆಸ್ಪತ್ರೆಗಳ ಮೇಲೆ ಇಷ್ಟು ವರ್ಷ ಇಲ್ಲದ ನಂಬಿಕೆ ಒಂದೇ ಕ್ಷಣದಲ್ಲಿ ಹುಟ್ಟಿತು.

ಬಿಡುಗಡೆಯ ದಿನ ಅವರು ತಟ್ಟೆಯಲ್ಲಿ ಎಲೆ ಅಡಿಕೆ, ತೊಳೆದು ಒರೆಸಿದ ಹಸಿರು ಬಳೆಗಳನ್ನಿಟ್ಟುಕೊಂಡು ನನ್ನ ಮುಂದೆ ನಿಂತರು. “ಹೆರಿಗೆ ಮಾಡಿಸಿದವರಿಗೆ ಕೊಡುದು ಡಾಕ್ಟ್ರೇ.”

“ಗಿರಿಜಕ್ಕ, ನಾನು ಗಂಡಸು.”

“ಹಾಗಂತ ಕ್ರಮ ಬಿಡ್ಲಿಕ್ಕೆ ಆಗ್ತದಾ?”

ನಾನು ತೆಗೆದುಕೊಂಡೆ. ಒಂದೂ ಒಡೆದಿರಲಿಲ್ಲ. ಲೀಲಾ ಸಿಸ್ಟರ್, “ಅಳತೆ ಸರಿ ಉಂಟಾ ನೋಡಿ ಸರ್,” ಎಂದು ಬಾಯಿಗೆ ಕಟ್ಟಿದ ಜೇಬಿನ ಒಳಗೇ ನಕ್ಕರು. ಬಳೆಗಳನ್ನು ಕಂಪ್ಯೂಟರಿನ ಪಕ್ಕದ ಗೋಡೆಯ ಕೊಕ್ಕೆಗೆ ತೂಗುಹಾಕಿದೆ. ಆಮೇಲೆ ಪ್ರತಿ ಪರೀಕ್ಷೆಗೆ ಮುಂಚೆ, ಮಾಂತ್ರಿಕನ ಗಾಂಭೀರ್ಯದಿಂದ ನಾನೇ ಅವನ್ನು ಆಡಿಸಿ, “ನನ್ನ ಸದ್ದು ಕೇಳ್ತಿದೆಯಾ?” ಎಂದು ಕೇಳಿ ಲೈನು ನೋಡುತ್ತಿದ್ದೆ. ಡೊಂಬಿವಲಿಯ ಡಾಕ್ಟರು ಬಳೆ ತೊಡುತ್ತಾರಂತೆ ಎಂಬ ಸುದ್ದಿ ನವಿ ಮುಂಬಯಿಯ ಹೋಟೆಲುಗಳಲ್ಲಿ ಕೆಲವು ಕಾಲ ಚಲಾವಣೆಯಲ್ಲಿತ್ತು. ಚೇರ್ಮನ್ನರು ನಡೆದದ್ದೆಲ್ಲ ಕೇಳಿ ನಾಲ್ಕು ಭಾಷೆಯಲ್ಲಿ ನಿಯಮ ಹೊರಡಿಸಿದರು: ಪರೀಕ್ಷೆಯ ವೇಳೆ ಗರ್ಭಿಣಿಯ ಹೊರತು ಉಳಿದವರೆಲ್ಲ ಕ್ಯಾಮೆರಾಕ್ಕೆ ಕಾಣುವಂತೆ ಕೈಕಟ್ಟಿ ಕೂರತಕ್ಕದ್ದು. ಅವರು ಮಾಡಿದ ನಿಯಮಗಳಲ್ಲಿ ನನಗೆ ಅರ್ಥವಾದದ್ದು ಅದೊಂದೇ. ಅದಕ್ಕೆ ನಾನು ನನ್ನದೊಂದು ಸೇರಿಸಿದೆ: ಕೊನೆಯ ಪ್ರಶ್ನೆಯನ್ನು ಬಸುರಿಗೆ ಕೇಳುವಾಗ ಬೇರೆಯವರು ಕೋಣೆಯಿಂದ ಎದ್ದು ಹೋಗಬೇಕು. ಟೀ ಮಾಡಲು ಅವರು ಹೋಗಲಿ.

ಜ್ವರ ಇಳಿಯಿತು, ಕಾಯುವ ಕೋಣೆ ಮತ್ತೆ ತುಂಬಿತು, ಗಾದಿಗಳ ಕೋಣೆ ಮತ್ತೆ ಬರೀ ಗಾದಿಗಳದಾಗುವ ದಿನ ಬಂತು. ಕ್ಯಾಮೆರಾ ಬಿಚ್ಚುವ ಮುನ್ನ ಕೋಪರಖೈರಣೆಯಿಂದ ಒಂದು ಕರೆ ಇತ್ತು. ಹೊರಗೆ ಮಳೆಯಿಲ್ಲದಿದ್ದರೂ ಚಿತ್ರ ಹಳೆಯ ಮರ್ಯಾದೆಗೆ ನಿಂತೇ ಇತ್ತು: ಗಿರಿಜಕ್ಕ, ಸುಮತಿ, ನಡುವೆ ಬಟ್ಟೆಯ ಗಂಟಿನಂತೆ ಮಗು.

“ಡಾಕ್ಟ್ರೇ, ಪಾಪುಗೆ ಕರಿಬಳೆ ಹಾಕಿದ್ದೇವೆ,” ಎಂದಳು ಸುಮತಿ. ಈಗ ಅವಳೇ ಮಾತಾಡುತ್ತಿದ್ದಳು. “ಕೇಳ್ತದಾ?”

ಕಿಣಿಕಿಣಿ. ಇಷ್ಟೇ ಇಷ್ಟು ಸದ್ದು.

“ಕೇಳ್ತು,” ಎಂದು ಲೀಲಾ ಸಿಸ್ಟರ್ ಕಣ್ಣೊರೆಸಿಕೊಂಡರು. ಆ ಮನೆಯ ಬಳೆಯ ಸದ್ದನ್ನು ಬರೀ ಕಿವಿಯಿಂದ ನಂಬುವ ವೈದ್ಯ ನಾನಲ್ಲ. ಚಿತ್ರ ಬರಲಿ ಎಂದು ಕಾದೆ.

ಬಂತು. ಗಿರಿಜಕ್ಕ ನಿಯಮದ ಪ್ರಕಾರ ಕೈಕಟ್ಟಿ ಕುಳಿತಿದ್ದರು. ಆಡುತ್ತಿದ್ದದ್ದು ಮಗುವಿನ ಕೈಯೇ.